ಮಾಳಿಗೆ ಮೇಲಿನ ಕೂಸು

ಆ ವರ್ಷ ನನ್ನ ಪಾಲಿಗೆ ಬಂದ ಕೆಲಸ ಧೂಳು ಹಿಡಿಯುವುದು. ಹೌದು, ಧೂಳೇ. ಯಾರಾದರೂ "ಏನ್ ಕೆಲಸ ಮಾಡ್ತಿದೀರ ಈಗ" ಅಂತ ಕೇಳಿದರೆ "ಲ್ಯಾಬಲ್ಲಿ" ಅಂದು ಮಾತು ತಿರುಗಿಸಿಬಿಡುತ್ತಿದ್ದೆ. ಊರವರೆಲ್ಲ ಚಿನ್ನ ತೆಗೆಯುವ ನೆಲಕ್ಕೆ ಹೋಗಿ ಬಾಟಲಿಯಲ್ಲಿ ಧೂಳು ತುಂಬಿಕೊಂಡು ಬರುತ್ತೇನೆ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು?

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ತಾಂತ್ರಿಕ ಸಹಾಯಕ. ನಮ್ಮ ವಿಭಾಗಕ್ಕೆ ಕರಾವಳಿ ಕಡೆಯ ಒಬ್ಬರು ಸಂಶೋಧಕಿ ಬಂದು ಸೇರಿದ್ದರು. ಅವರ ಪಿಎಚ್‌ಡಿ ಸಮುದ್ರದ ಮೇಲೆ, ಆದರೆ ಅವರಿಗೆ ಬೇಕಾಗಿದ್ದು ನೆಲದ ಧೂಳು. ನನಗೆ ಮೊದಲ ದಿನ ತಲೆಬುಡ ತಿಳಿಯಲಿಲ್ಲ. ಅವರೇ ಕೂರಿಸಿಕೊಂಡು ವಿವರಿಸಿದರು. ದಡದಿಂದ ಬಹು ದೂರದ ಸಮುದ್ರದಲ್ಲಿ ಬಿಸಿಲಿದೆ, ನೀರಿದೆ, ಗೊಬ್ಬರದಂಥ ಸತ್ವಗಳೂ ಇವೆ, ಆದರೂ ಕೆಲವು ಕಡೆ ಹಸಿರು ಬೆಳೆಯುವುದಿಲ್ಲವಂತೆ. ಹಸಿರು ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಗಿಡಗಳು. ಅವನ್ನು ತಿಂದು ಸಣ್ಣ ಹುಳುಹುಪ್ಪಟೆ ಬದುಕಬೇಕು, ಅವನ್ನು ತಿಂದು ಮೀನು ಬದುಕಬೇಕು. ಅಲ್ಲಿ ಇಲ್ಲದಿರುವುದು ಕಬ್ಬಿಣ. ಒಂದು ಚಿಟಿಕೆ ಸಾಕು, ಆ ಚಿಟಿಕೆಗೇ ಗತಿಯಿಲ್ಲ. ಅದು ಅಷ್ಟು ದೂರ ಹೋಗಿ ಸೇರುವ ದಾರಿಗಳಲ್ಲಿ ದೊಡ್ಡದು ಗಾಳಿ. ಗಾಳಿ ನೆಲದ ಧೂಳನ್ನು ಹೊತ್ತುಕೊಂಡು ಹೋಗಿ ಸಮುದ್ರಕ್ಕೆ ಉದುರಿಸುತ್ತದೆ. ಎಲ್ಲ ಹಾಕಿ ಉಪ್ಪು ಮರೆತ ಸಾರಿನ ಹಾಗೆ ಸಮುದ್ರ, ಉಪ್ಪಿನ ಡಬ್ಬಿ ನಮ್ಮ ಕಡೆ ಇದೆ ಅಂದರು. ಆ ಮಾತು ಆಗ ಹೊಸದು, ನಂಬದವರೇ ಹೆಚ್ಚು.

ನಮ್ಮ ಒಳನಾಡಿನ ಕೆಮ್ಮಣ್ಣಿನ ಧೂಳಿನಲ್ಲಿ ಎಷ್ಟು ಕಬ್ಬಿಣ ಇದೆ, ಅದರಲ್ಲಿ ಎಷ್ಟು ಉಪ್ಪುನೀರಿನಲ್ಲಿ ಕರಗುತ್ತದೆ ಅಂತ ನೋಡಬೇಕಿತ್ತು. ಕೋಲಾರದ ಕಡೆ ಒಂದು ಕೇಂದ್ರ ಇಡುವುದೆಂದು ತೀರ್ಮಾನವಾಯಿತು. ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ನನ್ನ ಕಡೆ ತಿರುಗಿ, "ಅದು ನಿಮ್ಮ ಕಡೆಯಲ್ಲವೇನ್ರೀ? ಆ ಜನದ ಭಾಷೆ ನಿಮಗೆ ಬರುತ್ತಲ್ಲ" ಅಂದರು. ಎಲ್ಲರೂ ನನ್ನನ್ನೇ ನೋಡಿದರು. ಕಿವಿ ಬಿಸಿಯಾಯಿತು. ಬೇತಮಂಗಲದ ಹತ್ತಿರದ ಹಳ್ಳಿಯಿಂದ ಬಂದವನು ನಾನು. ಬೆಂಗಳೂರಿಗೆ ಬಂದ ಮೇಲೆ ಕಷ್ಟಪಟ್ಟು ಹಕಾರ ಕಲಿತಿದ್ದೆ. "ಓಗ್ತೀನಿ" ಅನ್ನುವ ನಾಲಿಗೆಗೆ "ಹೋಗ್ತೀನಿ" ಕೂರಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಗಾಬರಿಯಲ್ಲಿ ಬೇಡದ ಕಡೆಯೂ ಹ ಹಚ್ಚಿ, ಕ್ಯಾಂಟೀನಿನಲ್ಲಿ "ಹನ್ನ ಹಿಲ್ವಾ" ಅಂತ ಕೇಳಿ ನಗೆಪಾಟಲಾಗಿದ್ದೆ. ಇಂಥವನಿಗೆ ತುಂಬಿದ ಸಭೆಯಲ್ಲಿ "ಆ ಜನ" ಅಂದರೆ ಹೇಗಾಗಬೇಡ.

ಕಬ್ಬಿಣ ಅಳೆಯುವ ಕೆಲಸದಲ್ಲಿ ದೊಡ್ಡ ಶತ್ರು ಕಬ್ಬಿಣವೇ. ಅದು ಎಲ್ಲೆಲ್ಲೂ ಇರುತ್ತದೆ, ಬೆವರಿನಲ್ಲಿ, ಬೀಗದ ಕೈಯಲ್ಲಿ, ಚಪ್ಪಲಿಯ ಮೊಳೆಯಲ್ಲಿ. ನಮ್ಮ ಸಾಮಾನೆಲ್ಲ ಪ್ಲಾಸ್ಟಿಕ್ಕು. ಅಗಲ ಬಾಯಿಯ ಒಂದು ಲಾಳಿಕೆ, ಅದರ ಕೆಳಗೆ ಬಾಟಲಿ, ಎಲೆ ಕಡ್ಡಿ ಬೀಳದಂತೆ ಮೇಲೊಂದು ನೈಲಾನ್ ಬಲೆ. ಹಿಡಿದು ನಿಲ್ಲಿಸಲು ಮರದ ಚೌಕಟ್ಟು, ಅದಕ್ಕೆ ಮೊಳೆ ಹೊಡೆಯುವ ಹಾಗಿಲ್ಲ, ಬೆಣೆ ಕೂರಿಸಿ ನೈಲಾನ್ ಹಗ್ಗದಲ್ಲಿ ಬಿಗಿದಿದ್ದೆವು. ಪ್ರತಿ ಬಾಟಲಿಯನ್ನೂ ಆಮ್ಲದಲ್ಲಿ ದಿನಗಟ್ಟಲೆ ನೆನೆಹಾಕಿ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಚೀಲದೊಳಗೆ ಚೀಲ ಹಾಕಿ ಕಟ್ಟುತ್ತಿದ್ದೆ. ವಾರವಾರ ಹೋಗಿ ಗವಸು ತೊಟ್ಟು, ಲಾಳಿಕೆಗೆ ಶುದ್ಧ ನೀರು ಹುಯ್ದು, ಅಂಟಿದ ಧೂಳನ್ನೆಲ್ಲ ಬಾಟಲಿಗೆ ಇಳಿಸಿ, ಮುಚ್ಚಿ, ಹೊಸ ಬಾಟಲಿ ಇಟ್ಟು ಬರುವುದು ನನ್ನ ಕೆಲಸ. ಜೊತೆಗೆ ಒಂದು ಖಾಲಿ ಬಾಟಲಿಯನ್ನು ಅಲ್ಲೇ ತೆರೆದು ಅಲ್ಲೇ ಮುಚ್ಚಿ ತರಬೇಕು. ನನ್ನ ಕೈಯಿಂದ ಏನಾದರೂ ಕೊಳೆ ಸೇರಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ.

ಮೊದಲು ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯೊಂದರ ಮೇಲೆ ಇಟ್ಟೆವು. ಸಾಲುಮನೆಗಳಿಗೆಲ್ಲ ತಗಡಿನ ಚಾವಣಿ, ಹಳೇ ತಗಡು, ಮುಟ್ಟಿದರೆ ತುಕ್ಕು ಉದುರುತ್ತಿತ್ತು. ಬಂದ ಮೊದಲ ಬಾಟಲಿಯ ನೀರು ಕಾಫಿ ಬಣ್ಣ. ಅದನ್ನು ಎತ್ತಿಕೊಂಡು ಬಂಗಾರಪೇಟೆ ಕಡೆಗೆ ಸರಿದೆವು. ರೈಲು ಹಳಿಯ ಆಚೆ, ರಾಗಿ ಹೊಲಗಳ ನಡುವಿನ ಒಂದು ಊರಿನಲ್ಲಿ ಕಲ್ಲು ಚಪ್ಪಡಿ ಹೊದಿಸಿದ ಮಾಳಿಗೆ ಮನೆ ಸಿಕ್ಕಿತು. ಮನೆಯ ಯಜಮಾನ ದಿನಾ ಸೈಕಲ್ಲಿನಲ್ಲಿ ಗಣಿಗೆ ಹೋಗುವವರು. ಹೊಲ, ಎಮ್ಮೆ, ಮನೆ ಎಲ್ಲ ಯಜಮಾನಿಯದು. ನಾವು ಸಾಮಾನು ಇಳಿಸುವಾಗ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತು, ಆ ಕಡೆಯ ತೆಲುಗು ಬೆರೆಸಿ, "ಏಂದಯ್ಯಾ ಇದಿ! ಭೂಮಿ ಒಳ್ಗೆ ದೂಳು ತಿಂದೂ ತಿಂದೂ ಸಾಕಾಗೈತೆ, ಮನೆ ಮ್ಯಾಲೂ ದೂಳೇನಾ?" ಅಂತ ನಕ್ಕು, ಕೆಮ್ಮಿ, ಹೊರಟುಹೋದರು.

ಯಜಮಾನಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿ ಮೇಲೆಯೇ ಬಂದರು.

"ಏನಪ್ಪಾ ಇದು, ಲಾಳಿಕೆ ಮಡಗಿ ಗಾಳಿ ಇಡೀತೀರಾ?"

"ಧೂಳು ಹಿಡಿಯೋದಮ್ಮ" ಅಂದೆ, ಹ ಒತ್ತಿ.

"ಯಾತಕ್ಕೆ?"

ಸಂಶೋಧಕಿ ಪಕ್ಕದಲ್ಲೇ ಇದ್ದರು. ಅಕ್ಕಪಕ್ಕದ ಮಾಳಿಗೆಗಳ ಮೇಲೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಸಮುದ್ರಕ್ಕೆ ಕಬ್ಬಿಣ ಸಾಲದು, ನಿಮ್ಮೂರ ಗಾಳಿ ಅದನ್ನು ಒಯ್ಯುತ್ತದೆ ಅಂತ ಹೇಳಿದರೆ ಇವರು ಬಿದ್ದು ಬಿದ್ದು ನಗುತ್ತಾರೆ, ಹೇಳುವಾಗ ನನ್ನ ಬಾಯಿಂದ ನಮ್ಮೂರ ಮಾತು ಜಾರಿ ಸಂಶೋಧಕಿಯೂ ನಗುತ್ತಾರೆ. ಎರಡೂ ಬೇಡವಾಗಿತ್ತು ನನಗೆ.

"ಅದೆಲ್ಲ ದೊಡ್ಡ ಕಥೆ ಬಿಡಿ" ಅಂದೆ. "ಇದು ಒಂಥರಾ ಕೂಸು ಅಂದ್ಕೊಳ್ಳಿ. ಎಳೇ ಕೂಸನ್ನ ಹೇಗೆ ನೋಡ್ಕೊಳ್ತೀರಿ, ಹಾಗೆ ನೋಡ್ಕೊಳ್ಳಿ. ಯಾರೂ ಮುಟ್ಟಬಾರದು, ಯಾರ ಕಣ್ಣೂ ಬೀಳಬಾರದು."

ಯಜಮಾನಿ ನಗಲಿಲ್ಲ. ಲಾಳಿಕೆಯನ್ನು ಒಂದು ಸುತ್ತು ಬಂದು ನೋಡಿದರು. "ಕೂಸಾ? ಅಗಲೂ ರಾತ್ರೀ ಇಂಗೇ ಗಾಳೀಲಿ ಒಂಟಿಯಾಗಿ ಬುಟ್ಟು ಓಗ್ತೀರಾ?"

"ಹೂಂ."

"ಸರಿ ಬುಡು. ನಾನ್ ನೋಡ್ಕಂತೀನಿ."

ಚೆನ್ನಾಗಿ ತಪ್ಪಿಸಿಕೊಂಡೆ ಅಂತ ಒಳಗೊಳಗೇ ಬೀಗಿದೆ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಕುದುರಿತು. ಬೆಂಗಳೂರಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂಗಾರಪೇಟೆಗೆ ಇಳಿಯುವುದು, ಅಲ್ಲಿಂದ ಬಾಟಲಿ ಚೀಲ ಎದೆಗವುಚಿಕೊಂಡು ಕಾಲುದಾರಿ ಹಿಡಿಯುವುದು. ಯಜಮಾನಿ ಹೇಳಿದ ಮಾತಿಗೆ ತಪ್ಪಲಿಲ್ಲ. ಆ ಮಾಳಿಗೆ ಮೇಲೆ ಒಂದು ಕಾಗೆಯನ್ನೂ ಕೂರಲು ಬಿಡಲಿಲ್ಲ. ಹಪ್ಪಳ ಸಂಡಿಗೆ ಒಣಗಿಸುವುದನ್ನು ಪಕ್ಕದ ಮನೆಗೆ ಸಾಗಿಸಿದರು. ನಾನು ಹೋದಾಗಲೆಲ್ಲ "ನಿನ್ ಕೂಸು ಚೆಂದಾಗೈತೆ, ಓಗಿ ನೋಡು" ಅಂತ ಬಾಗಿಲಲ್ಲೇ ವರದಿ ಕೊಡುತ್ತಿದ್ದರು. ರೈಲಿನಲ್ಲಿ ಇದನ್ನು ನೆನೆದು ನಗುತ್ತಿದ್ದೆ. ಬಲೆಯ ನಡುವೆ ಮಾತ್ರ ಪ್ರತಿಸಲ ಒಂದು ಕೆಂಚು ಕಲೆ ಕಾಣುತ್ತಿತ್ತು. ಕೆಮ್ಮಣ್ಣಿನ ಸೀಮೆ, ಇನ್ನೇನಿರುತ್ತೆ ಅಂದುಕೊಂಡೆ. ಸಂಶೋಧಕಿಗೆ ಹೆಮ್ಮೆಯಿಂದ ತೋರಿಸಿಯೂ ತೋರಿಸಿದೆ, ನೋಡಿ ನಮ್ಮ ಮಣ್ಣು ಹೇಗಿದೆ ಅಂತ.

ಯಂತ್ರದಲ್ಲಿ ಹಾಕಿ ನೋಡಿದರೆ ಕಬ್ಬಿಣ ಎಲ್ಲಿಗೋ ಏರಿ ಕೂತಿತ್ತು. ಬೆಂಗಳೂರಿನ ನಮ್ಮದೇ ತಾರಸಿಯ ಧೂಳಿಗೆ ಹೋಲಿಸಿದರೆ ಇದು ಬೇರೆಯೇ ಲೋಕ. ಖಾಲಿ ಬಾಟಲಿ ನೋಡಿದೆವು, ಅದು ಶುದ್ಧ. ಅಂದರೆ ನನ್ನ ಕೈ ಶುದ್ಧ. ಸಂಶೋಧಕಿಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. "ಮಣ್ಣಿನಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಒಟ್ಟಿಗೆ ಇರುವುದು ಮಾರಾಯ್ರೇ. ಒಂದು ಏರಿದರೆ ಇನ್ನೊಂದೂ ಏರಬೇಕು. ಇಲ್ಲಿ ಕಬ್ಬಿಣ ಮಾತ್ರ ಏರಿದೆ. ಎಂತ ಇದು?"

ಪ್ರೊಫೆಸರ್ ಹತ್ತಿರ ಉತ್ತರವಿತ್ತು. ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳಿವೆ, ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದು ಸುರಿದು ಎದ್ದ ಬೂದು ಗುಡ್ಡಗಳು. ಆ ಕಲ್ಲಿನಲ್ಲಿ ಕಬ್ಬಿಣದ ಅದಿರೂ ಇರುತ್ತದೆ. ಚಳಿಗಾಲದ ಮೂಡಣ ಗಾಳಿ ಆ ಪುಡಿಯನ್ನು ನಮ್ಮ ಮಾಳಿಗೆಗೆ ತಂದು ಹಾಕುತ್ತಿದೆ ಅಂದರು. ಹಾಗಿದ್ದರೆ ಮಳೆಗಾಲಕ್ಕೆ ಮುಂಚೆ ಗಾಳಿ ಪಡುವಣಕ್ಕೆ ತಿರುಗಿದಾಗ ಕಬ್ಬಿಣ ಇಳಿಯಬೇಕು. ನೋಡಿ ಬೇಕಾದರೆ, ಅಂತ ಬೋರ್ಡಿನ ಮೇಲೆ ಬಾಣದ ಗುರುತು ಬರೆದರು.

ಇಳಿಯಿತು. ಗಾಳಿ ತಿರುಗಿದ ವಾರವೇ, ಬಾವಿಗೆ ಕೊಡ ಬಿಟ್ಟ ಹಾಗೆ ದಬಕ್ಕನೆ ಇಳಿಯಿತು. ಪ್ರೊಫೆಸರ್ ಮೇಜು ಕುಟ್ಟಿದರು. ನಕ್ಷೆಯಲ್ಲಿ ಆ ಗೆರೆ ಎಷ್ಟು ಚೆಂದ ಇತ್ತೆಂದರೆ ಸಂಶೋಧಕಿ ಕೂಡ ಅಲ್ಯೂಮಿನಿಯಂ ಮಾತನ್ನು ಗಂಟಲಲ್ಲೇ ನುಂಗಿಕೊಂಡರು. ಗಣಿಗಳ ತ್ಯಾಜ್ಯ ದೂರದ ಸಮುದ್ರಕ್ಕೆ ಕಬ್ಬಿಣ ಕೊಡುತ್ತಿರಬಹುದು ಎಂಬ ಮಾತನ್ನು ಹೊರಗಿನ ಒಂದು ದೊಡ್ಡ ಸಭೆಯಲ್ಲಿ ಅವರು ಮಂಡಿಸಬೇಕೆಂದು ಗೊತ್ತಾಯಿತು. ಅವರ ಪಿಎಚ್‌ಡಿ ಪೂರಾ ಆ ಒಂದು ಗೆರೆಯ ಮೇಲೆ ನಿಂತಿತು. ಅದರ ಬಾಟಲಿಗಳನ್ನು ಹೊತ್ತವನು ನಾನು. ಎದೆ ಸ್ವಲ್ಪ ಉಬ್ಬಿತ್ತು ಅಂತ ಹೇಳಲೇಬೇಕು.

ಆ ಹೊತ್ತಿಗೆ ಮಾಳಿಗೆ ಮನೆಯಲ್ಲೂ ಸಂಭ್ರಮ. ಹೆರಿಗೆಗೆ ಬಂದಿದ್ದ ಮಗಳಿಗೆ ಗಂಡು ಕೂಸು ಹುಟ್ಟಿತ್ತು. "ಭಾನುವಾರ ತೊಟ್ಲಿಗಾಕ್ತೀವಿ. ಆಯಮ್ಮನ್ನೂ ಕರ್ಕಂಬಾ, ಬರ್ದೆ ಇದ್ರೆ ನೋಡು ಮತ್ತೆ" ಅಂತ ಯಜಮಾನಿ ಕಟ್ಟಪ್ಪಣೆ ಮಾಡಿದರು. ಸಭೆಗೆ ಕೇಂದ್ರದ ಫೋಟೋ ಬೇರೆ ಬೇಕಿತ್ತು. ಕೂಸಿಗೊಂದು ಕುಲಾವಿ ಹಿಡಿದುಕೊಂಡು ಇಬ್ಬರೂ ಹೋದೆವು.

ನಡುಮನೆಯಲ್ಲಿ ತೊಲೆಯಿಂದ ತೊಟ್ಟಿಲು ಇಳಿಬಿಟ್ಟಿದ್ದರು. ಹೆಂಗಸರು ತುಂಬಿದ್ದರು, ಕನ್ನಡ ತೆಲುಗು ಎರಡೂ ಕಲಸಿದ ಗದ್ದಲ. ಸಂಶೋಧಕಿಯನ್ನು ಮುಂದೆ ಕರೆದು ಕೂಸನ್ನು ಕೈಗೆ ಕೊಟ್ಟರು. ಅವರು ಅದನ್ನು ಮಲಗಿಸಿ, ಕುಲಾವಿ ತೊಡಿಸಿ, ಪುಟ್ಟ ದಿಂಬು ಸರಿಮಾಡಲು ಹೋದರು. ದಿಂಬಿನ ಕೆಳಗೆ ಏನೋ ಗಟ್ಟಿಯಾಗಿ ತಗುಲಿತು. ಎಳೆದರೆ ಗೇಣುದ್ದದ ಒಂದು ಕಬ್ಬಿಣದ ತುಂಡು, ಮೈತುಂಬ ತುಕ್ಕು. ಗಣಿಯಲ್ಲಿ ಬಂಡೆಗೆ ತೂತು ಹೊಡೆಯುವ ಜಂಪರ್ ಸಲಾಕೆಯ ಮುರಿದ ತುದಿ ಅದು. ಯಜಮಾನಿಯ ಮಾವ ಯಾವ ಕಾಲದಲ್ಲೋ ತಂದಿದ್ದಂತೆ, ಆ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅದರ ಮೇಲೆ ತಲೆಯಿಟ್ಟು ಬೆಳೆದವಂತೆ.

"ಅಲ್ಲೇ ಇರ್ಲಿ ಬುಡವ್ವಾ" ಅಂದರು ಯಜಮಾನಿ. "ಕಬ್ಣ ಇದ್ರೆ ಕೂಸು ಒಂಟಿಯಾಗಿದ್ರೂ ಗಾಳಿ ಮುಟ್ಟಾಕಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ಮುಖ ಸಣ್ಣದು ಮಾಡಿಕೊಂಡು, "ಬೇಜಾರ್ ಮಾಡ್ಕಬ್ಯಾಡ ಕಣಪ್ಪಾ. ಮೊದ್ಲು ನಿಮ್ ಕೂಸಿಗೇ ಮಡಗಿದ್ದೆ. ನಮ್ ಕೂಸು ಉಟ್ಟಿದ್ ದಿನ ಇಳಿಸ್ಕಂಡ್ ಬಂದ್ಬುಟ್ಟೆ. ಇರೋದು ಒಂದೇ ಅಲ್ವಾ" ಅಂದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥ ಆದಾಗ ಕಾಲ ಕೆಳಗಿನ ಚಪ್ಪಡಿ ಸರಿದ ಹಾಗಾಯಿತು. "ನಮ್ ಕೂಸಿಗೆ ಅಂದ್ರೆ... ಎಲ್ಲಿ ಇಟ್ಟಿದ್ರಿ?"

"ಅದೇ ಆ ಬಲೆ ಮ್ಯಾಲೆ. ಮುಟ್ಬ್ಯಾಡ ಅಂದಿದ್ಯಲ್ಲ, ನಾನು ಮುಟ್ಲಿಲ್ಲಪ್ಪಾ, ಮೆಲ್ಲಗೆ ಮಡಗ್ದೆ ಅಷ್ಟೇ. ನೀನು ಬರೋ ದಿನ ತೆಗೀತಿದ್ದೆ. ನೀನೇ ಇರ್ತೀಯಲ್ಲ ಅವತ್ತು, ಕೂಸು ಒಂಟಿ ಅಲ್ವಲ್ಲ."

ಇಬ್ಬನಿ ಬಿದ್ದ ಬೆಳಗುಗಳೆಲ್ಲ ಕಣ್ಣ ಮುಂದೆ ಬಂದವು. ಆ ತುಕ್ಕು ತೊಟ್ಟುತೊಟ್ಟಾಗಿ ಲಾಳಿಕೆಗೆ ಇಳಿದಿದೆ. ಕೆಂಚು ಕಲೆ ಅದೇ. ಗೆರೆ ದಬಕ್ಕನೆ ಇಳಿದಿದ್ದು ಗಾಳಿ ತಿರುಗಿದ್ದಕ್ಕಲ್ಲ, ಈ ಮನೆಯಲ್ಲಿ ಒಂದು ಕೂಸು ಹುಟ್ಟಿದ್ದಕ್ಕೆ.

ಸಂಶೋಧಕಿಗೆ ನಮ್ಮ ಕಡೆಯ ಮಾತು ಬೇಗ ಬೇಗ ಆಡಿದರೆ ತಿಳಿಯುತ್ತಿರಲಿಲ್ಲ. ನಗುತ್ತಾ ಕೇಳಿದರು, "ಎಂತ ಹೇಳಿದ್ದು ಅವರು?"

"ಏನಿಲ್ಲ. ದೃಷ್ಟಿಗೆ ಅಂತೆ" ಅಂದೆ.

ಊಟಕ್ಕೆ ಕೂತೆ. ಒಬ್ಬಟ್ಟು ಬಡಿಸಿದರು, ತುಪ್ಪ ಬಡಿಸಿದರು, ಮಣ್ಣು ತಿಂದ ಹಾಗೆ ತಿಂದೆ. ಹೇಳಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ಪಿಎಚ್‌ಡಿ ಹೋಗುತ್ತದೆ, ಸಭೆ ಹೋಗುತ್ತದೆ. ಆದರೆ ನಿಜ ಹೇಳಬೇಕೆಂದರೆ ನನ್ನ ಬಾಯಿ ಕಟ್ಟಿದ್ದು ಅದಲ್ಲ. ನಮ್ಮ ಜನ ಯಂತ್ರಕ್ಕೂ ದೃಷ್ಟಿ ತೆಗೆಯುವ ಜನ ಅಂತ ವಿಭಾಗದಲ್ಲಿ ಎಲ್ಲರೂ ನಗುತ್ತಾರೆ, "ಆ ಜನ" ಅಂತ ಮತ್ತೆ ನನ್ನ ಕಡೆ ನೋಡುತ್ತಾರೆ, ಅದನ್ನು ನೆನೆದರೇ ಮೈ ಹಿಡಿಯಾಗುತ್ತಿತ್ತು. ಒಬ್ಬಳ ಓದು ಮುಳುಗುತ್ತಿರುವಾಗ ನನಗೆ ನನ್ನ ಮಾನದ ಚಿಂತೆ. ಥೂ!

ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಅವರೇ ಮಾತು ತೆಗೆದರು. "ಆ ಅಲ್ಯೂಮಿನಿಯಂ ಒಂದು ಸರಿಹೋಗಿದ್ದರೆ ನನಗೆ ಧೈರ್ಯ ಇರ್ತಿತ್ತು. ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳ್ತಾರೆ. ಎಲ್ಲರ ಎದುರು ನಾನು ಎಂತ ಹೇಳುವುದು?"

ಎಲ್ಲರ ಎದುರು ಅನ್ನುವ ಮಾತು ನನಗೆ ನಾಟಿತು. ನಾನು ಒಂದು ಕ್ಯಾಂಟೀನಿನ ನಗುವನ್ನೇ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದವನು. ಈಯಮ್ಮನನ್ನು ಗೊತ್ತಿದ್ದೂ ಗೊತ್ತಿದ್ದೂ ಅಂಥ ಕಡೆ ನಿಲ್ಲಿಸುವುದೇ? ತಲೆ ಎತ್ತದೆ ಎಲ್ಲ ಹೇಳಿಬಿಟ್ಟೆ, ಕೂಸು ಅಂದಿದ್ದರಿಂದ ಹಿಡಿದು ದಿಂಬಿನ ಕೆಳಗಿನ ಸಲಾಕೆವರೆಗೆ.

ಅವರು ನನ್ನ ಕಡೆ ತಿರುಗಿದರು. "ನಾನು ಅಲ್ಲೇ ಕೇಳಿದೆ ಅಲ್ವಾ ಎಂತ ಹೇಳಿದ್ದು ಅಂತ. ಯಾಕೆ ಹೇಳಲಿಲ್ಲ?"

"ನಾಚಿಕೆ ಆಯ್ತು."

"ಯಾರ ಬಗ್ಗೆ?"

ಗಾಡಿ ಬಂತು, ನಿಂತಿತು. ಅವರು ಏಳಲಿಲ್ಲ. ಕಣ್ಣು ಒರೆಸಿಕೊಂಡು, "ಆ ತುಕ್ಕು ಸ್ವಲ್ಪ ಬೇಕು ನನಗೆ. ಅದನ್ನು ಯಂತ್ರಕ್ಕೆ ಹಾಕಿ ನೋಡದೆ ನಾನು ಇದನ್ನೂ ನಂಬುವುದಿಲ್ಲ" ಅಂದರು. ಗಾಡಿ ಹೋಯಿತು. ನಾವು ಬಂದ ದಾರಿಯಲ್ಲೇ ತಿರುಗಿ ನಡೆದೆವು.

ತುಕ್ಕು ಕೇಳಿದರೆ ಯಜಮಾನಿ ಸುತಾರಾಂ ಒಪ್ಪಲಿಲ್ಲ. ಬಾಣಂತಿ ಮನೆ, ಕೂಸಿನ ತಲೆಯಡಿಯ ಕಬ್ಬಿಣ ಹೊರಗೆ ಕೊಡುತ್ತಾರೆಯೇ? ಉಳಿದಿದ್ದ ಹೆಂಗಸರೆಲ್ಲ ಸುತ್ತ ಸೇರಿದರು. ನಾನು ನನ್ನ ಬೆಂಗಳೂರಿನ ಕನ್ನಡದಲ್ಲಿ ಏನೇನೋ ಹೇಳಲು ಹೋದೆ, ಸಂಶೋಧನೆ, ಮಾದರಿ, ಮಾಲಿನ್ಯ. ಒಂದೂ ಅವರ ಕಿವಿಗೆ ಹೋಗಲಿಲ್ಲ. ಕೊನೆಗೆ ನೆಲದ ಮೇಲೆ ಕೂತುಬಿಟ್ಟೆ. ನಮ್ಮವ್ವನ ಹತ್ತಿರ ಆಡುವ ಹಾಗೆ, ನೀವು ಬಿಟ್ಟು ನೀನು ಅಂದೆ.

"ಅಮ್ಮಾ, ಸಮುದ್ರ ನೋಡಿದೀಯಾ?"

"ಇಲ್ಲ ಕಣಪ್ಪಾ. ಬೇತಮಂಗಲದ ಕೆರೆ ನೋಡಿವ್ನಿ."

"ಅದಕ್ಕಿಂತ ದೊಡ್ದು. ಆಚೆ ದಡ ಕಾಣಾಕಿಲ್ಲ. ಅದ್ರ ನಡೂಮಧ್ಯೆ ಮೀನಿಗೆ ಮೇವಿಲ್ಲ. ಯಾಕಂದ್ರೆ ಅಲ್ಲಿ ಕಬ್ಣ ಇಲ್ಲ. ಗಾಳಿ ನಮ್ಮ ಒಲದ ದೂಳು ಒತ್ಕಂಡ್ ಓಗಿ ಅಲ್ಲಿಗೆ ಆಕ್ತದೆ. ಆ ದೂಳಾಗೆ ಕಬ್ಣ ಎಷ್ಟೈತೆ ಅಂತ ನೋಡಾಕೆ ಈಯಮ್ಮ ಬಂದಿರೋದು. ನೀನು ಮಡಗಿದ ಕಬ್ಣದ ತುಕ್ಕು ಅದ್ರಾಗೆ ಬಿದ್ದೈತೆ. ಈಗ ಯಾವ್ದು ಒಲದ್ದು, ಯಾವ್ದು ನಿಮ್ ಮಾವಂದು ಅಂತ ಗೊತ್ತಾಗಾಕಿಲ್ಲ."

ಯಾರೂ ನಗಲಿಲ್ಲ. ಯಜಮಾನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅಂಗಾರೆ ಆಯಮ್ಮನ ಓದು ನಾನು ಕೆಡಿಸ್ದ್ನಾ?"

"ಇಲ್ಲಮ್ಮಾ..."

"ಕೇಳಿದ್ನಲ್ಲಪ್ಪಾ ನಾನು ಅವತ್ತೇ. ಯಾತಕ್ಕೆ ಅಂತ ಕೇಳಿದ್ನಲ್ಲ. ನೀನು ಕೂಸು ಅಂದೆ."

ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆಗ ಸಂಶೋಧಕಿ ತೊಟ್ಟಿಲ ಪಕ್ಕ ಮಂಡಿಯೂರಿ, ಅವರಿಗೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು, "ಅಮ್ಮಾ, ನಮ್ಮ ಊರಲ್ಲಿಯೂ ಇಡ್ತಾರೆ. ನನ್ನ ತೊಟ್ಟಿಲಲ್ಲಿ ಸಣ್ಣ ಕತ್ತಿ ಇಟ್ಟಿದ್ದರಂತೆ ನನ್ನ ಅಜ್ಜಿ." ನಾನು ಅವರ ಮುಖ ನೋಡಿದೆ. ಇಷ್ಟು ದಿನ ಇವರಿಂದ ಏನನ್ನು ಮುಚ್ಚಿಡುತ್ತಿದ್ದೆನೋ ಅದು ಅವರ ಮನೆಯಲ್ಲೂ ಇತ್ತು.

ಯಜಮಾನಿ ಎದ್ದು ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ತಂದು, ಅದರ ಅಲಗಿಗೆ ಬಟ್ಟೆ ಸುತ್ತಿ, ಮೊದಲು ಅದನ್ನು ದಿಂಬಿನ ಕೆಳಗಿಟ್ಟರು. ಆಮೇಲೆ ಸಲಾಕೆ ತೆಗೆದುಕೊಟ್ಟರು. ಪ್ಲಾಸ್ಟಿಕ್ ಚಮಚದಲ್ಲಿ ತುಕ್ಕು ಕೆರೆದು ಚೀಟಿಯಲ್ಲಿ ಕಟ್ಟಿಕೊಂಡು, ಸಲಾಕೆಯನ್ನು ವಾಪಸು ಕೊಟ್ಟು ಬಂದೆವು.

ಯಂತ್ರ ಹೇಳಿದ್ದು ಅದನ್ನೇ. ತುಕ್ಕಿನಲ್ಲಿ ಅಲ್ಯೂಮಿನಿಯಂ ಸುಳಿವಿಲ್ಲ, ಬರೀ ಕಬ್ಬಿಣ. ಪ್ರೊಫೆಸರ್ ಹಣೆ ಹಿಡಿದುಕೊಂಡು ಕೂತರು. ತುಕ್ಕಿನ ಪಾಲು ಕಳೆದು ಉಳಿದಿದ್ದನ್ನು ಇಟ್ಟುಕೊಳ್ಳಬಹುದಲ್ಲ ಅಂದರು. ಯಾವ ವಾರ ಎಷ್ಟು ತುಕ್ಕು ಬಿತ್ತೆಂದು ಯಾರಿಗೂ ಗೊತ್ತಿಲ್ಲ, ಆಗುವುದಿಲ್ಲ ಅಂದರು ಸಂಶೋಧಕಿ. ಒಂದು ಇಡೀ ಗಾಳಿಗಾಲದ ಬಾಟಲಿಗಳನ್ನು ನಾನೇ ಸಿಂಕಿಗೆ ಸುರಿದೆ. ಸಭೆಗೆ ಹೋಗುವುದಿಲ್ಲವೆಂದು ಅವರು ಬರೆದು ಕಳಿಸಿದರು. ಕಾರಿಡಾರಿನಲ್ಲಿ ಎದುರಾದವರು "ನಿಮ್ಮ ಕೂಸು ಹೇಗಿದೆ?" ಅಂತ ಕೇಳತೊಡಗಿದರು. ನಾನು ನೆನೆಸಿದ್ದಕ್ಕಿಂತ ಜೋರಾಗಿಯೇ ನಕ್ಕರು.

ಮುಂದಿನ ಗಾಳಿಗಾಲಕ್ಕೆ ಯಾವುದಾದರೂ ಕಾಲೇಜಿನ ತಾರಸಿ ನೋಡಿ ಅಂದರು ಪ್ರೊಫೆಸರ್. "ಆ ಜನರನ್ನು ನಂಬಿ ಆಗಿದ್ದು ಸಾಕು."

"ಅದೇ ಮನೆ ಸರ್" ಅಂದರು ಸಂಶೋಧಕಿ. "ಕಾಲೇಜಿನವರಿಗೂ ನಾವು ಹೇಳದಿದ್ದರೆ ಗೊತ್ತಾಗುವುದಿಲ್ಲ. ಈ ಮನೆಯವರಿಗೆ ಈಗ ಗೊತ್ತು."

ಪ್ರೊಫೆಸರ್ ನನ್ನತ್ತ ನೋಡಿದರು. "ನಾನೇ ಓಗ್ತೀನಿ ಸಾರ್" ಅಂದೆ. ಹ ಬಿದ್ದುಹೋಗಿತ್ತು. ಎತ್ತಿಕೊಳ್ಳಲು ಹೋಗಲಿಲ್ಲ.

ಎರಡನೇ ಸಲ ಆ ಮಾಳಿಗೆಯ ಶಿಸ್ತು ನಮ್ಮ ಪ್ರಯೋಗಾಲಯಕ್ಕೂ ಇರಲಿಲ್ಲ. ಯಜಮಾನರು ಗಣಿಯ ಬೂಟು ಹಾಕಿಕೊಂಡು ಏಣಿಯ ಮೊದಲ ಮೆಟ್ಟಿಲು ಮುಟ್ಟುವ ಹಾಗಿರಲಿಲ್ಲ. ಕಬ್ಬಿಣದ ಬಕೀಟು, ಮಚ್ಚು, ಕೊನೆಗೆ ಹೆಂಗಸರ ತಲೆಯ ಪಿನ್ನು ಕೂಡ ಮೇಲೆ ಹೋಗಕೂಡದು. ಯಾರಾದರೂ ಏಕೆ ಅಂದರೆ ಯಜಮಾನಿ ಸಮುದ್ರದ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಅವರ ಬಾಯಲ್ಲಿ ಮೀನುಗಳು ಹಸಿದು ಅಳುತ್ತಲೂ ಇದ್ದವು. ಈ ಸಲ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಜೊತೆಜೊತೆಯಾಗಿ ನಡೆದವು. ದಬಕ್ಕನೆ ಇಳಿಯುವ ಚೆಂದದ ಗೆರೆ ಬರಲಿಲ್ಲ, ಗಾಳಿ ತಿರುಗಿದಾಗ ಗೆರೆ ಒಂದಿಷ್ಟು ಬಾಗಿತು, ಅಷ್ಟೇ. ಪ್ರೊಫೆಸರಿಗೆ ಆಸಕ್ತಿ ಹೋಯಿತು. ಸಂಶೋಧಕಿಗೆ ಸಮಾಧಾನವಾಯಿತು. ಇದನ್ನು ಯಾರ ಎದುರು ಬೇಕಾದರೂ ಹೇಳ್ತೇನೆ ಅಂದರು.

ಕೇಂದ್ರ ಬಿಚ್ಚಲು ಇಬ್ಬರೂ ಹೋದ ದಿನ ಯಜಮಾನಿ ಮಾಳಿಗೆಗೆ ಬಂದು ನಿಂತರು. ಮಗಳು ತವರಿಗೆ ಬಂದಿದ್ದಳು, ಕೆಳಗಿನಿಂದ ಕೂಸಿನ ಗಲಾಟೆ ಕೇಳುತ್ತಿತ್ತು.

"ಎಷ್ಟ್ ಓಯ್ತಪ್ಪಾ ನಮ್ಮೂರಿಂದ ಸಮುದ್ರಕ್ಕೆ?"

ಆ ಪ್ರಶ್ನೆಯನ್ನು ನಾನು ಸಂಶೋಧಕಿಗೆ ದಾಟಿಸಿದೆ. ಅವರು ಸಂತೋಷದಿಂದ ಎರಡು ಬೆರಳು ಸೇರಿಸಿ ಚಿಟಿಕೆಯಷ್ಟು ಅಂತ ತೋರಿಸಿದರು. ಈ ಇಡೀ ಮಾಳಿಗೆ ಮೇಲೆ ಬಿದ್ದ ಧೂಳಿನಲ್ಲಿ ಇರುವ ಕಬ್ಬಿಣವೇ ಸ್ವಲ್ಪ, ಅದರಲ್ಲಿ ಕರಗುವುದು ಇನ್ನೂ ಸ್ವಲ್ಪ, ಅಷ್ಟು ದೂರ ಹೋಗಿ ಮುಟ್ಟುವುದು ಅದಕ್ಕಿಂತ ಸ್ವಲ್ಪ. ಆದರೆ ಸಮುದ್ರಕ್ಕೆ ಅಷ್ಟೇ ಸಾಕಮ್ಮಾ ಅಂದರು.

ಯಜಮಾನಿಯ ಮುಖ ಬಾಡಿತು. ಆ ಎರಡು ಬೆರಳನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ಹತ್ತಿರ ಬಂದು, ತಲೆ ತಗ್ಗಿಸಿ ಅಂದರು:

"ಅಷ್ಟೇನಾ? ಇಷ್ಟ್ ದೊಡ್ ಊರಿಟ್ಕಂಡು ಅಷ್ಟೇ ಕಳ್ಸೋದು ಅಂದ್ರೆ ನಾಚ್ಕೆ ಆಯ್ತದೆ ಕಣಪ್ಪಾ. ನಮ್ ಕೂಸು ಈಗ ನಡೀತದೆ, ಆ ಕಬ್ಣ ಸುಮ್ಕೆ ಬಿದ್ದೈತೆ. ಇನ್ನೊಂದ್ ಒಸಿ ದಿನ ಮಡಗ್ಲಾ? ಆಯಮ್ಮನ್ನ ಕೇಳು."

ಹಗ್ಗ ಬಿಚ್ಚುತ್ತಿದ್ದ ಸಂಶೋಧಕಿ ತಲೆ ಎತ್ತಿದರು. "ಎಂತ ಹೇಳಿದ್ದು ಅವರು?"

ಈ ಸಲ ಒಂದಕ್ಷರ ಬಿಡದೆ ಹೇಳಿದೆ.